ಮನೆಯಲ್ಲಿ ಕೂತು ವಿಶ್ವವಿದ್ಯಾಲಯದ ಲೈಬ್ರರಿ ಬಳಸುವುದು ಹೇಗೆ?

ದೂರದಿಂದ ಓದುವವರ ಪ್ರಶ್ನೆಗಳಿಗೆ ಉತ್ತರ ಕೊಡುವುದು ಲೈಬ್ರರಿಯಲ್ಲಿ ನನ್ನ ಕೆಲಸ. ಒಂದು ದೂರು ಮತ್ತೆ ಮತ್ತೆ ಬರುತ್ತದೆ: "ಕ್ಯಾಂಪಸ್‌ನಲ್ಲಿ ಸಲೀಸಾಗಿ ಓದುತ್ತಿದ್ದ ಸಂಶೋಧನಾ ಪೇಪರ್‌ಗೆ ಮನೆಯಲ್ಲಿ ದುಡ್ಡು ಕೇಳುತ್ತಿದೆ." ದಯವಿಟ್ಟು ಆ ದುಡ್ಡು ಕಟ್ಟಬೇಡಿ. ಲೈಬ್ರರಿ ನಿಮ್ಮ ಪರವಾಗಿ ಆಗಲೇ ಕಟ್ಟಿರುತ್ತದೆ.

ಪ್ರಕಾಶಕರ ವೆಬ್‌ಸೈಟ್‌ಗೆ ನಿಮ್ಮ ಪರಿಚಯ ಇಲ್ಲ. ಅದು ನೋಡುವುದು ಐಪಿ ವಿಳಾಸವನ್ನು, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರನ್ನು. ಕ್ಯಾಂಪಸ್‌ನ ಐಪಿ ಕಂಡರೆ ಒಳಗೆ ಬಿಡುತ್ತದೆ, ಮನೆಯದಾದರೆ ಇಲ್ಲ. ಅದಕ್ಕೇ ಹುಡುಕಾಟವನ್ನು ಲೈಬ್ರರಿಯ ಪುಟದಿಂದಲೇ ಶುರು ಮಾಡಿ. ಅಲ್ಲಿ ಡೇಟಾಬೇಸ್ ಲಿಂಕ್ ಒತ್ತಿದರೆ ಲಾಗಿನ್ ಕೇಳಿ, ಪ್ರಾಕ್ಸಿ ಎಂಬ ಮಧ್ಯವರ್ತಿ ಸರ್ವರ್ ಮೂಲಕ ಕಳಿಸುತ್ತದೆ. ಪ್ರಕಾಶಕರಿಗೆ ಆಗ ಕಾಣುವುದು ವಿಶ್ವವಿದ್ಯಾಲಯದ ಐಪಿ.

ಪ್ರಾಕ್ಸಿ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು ಸುಲಭ. ಬ್ರೌಸರ್‌ನ ಮೇಲ್ಗಡೆ ಇರುವ ವಿಳಾಸ ಓದಿ. ಈಝಿಪ್ರಾಕ್ಸಿ ಎಂಬ ಪ್ರಾಕ್ಸಿ ಸಾಫ್ಟ್‌ವೇರ್ ಬಳಸುವ ಕಡೆ, ಜೆಸ್ಟೋರ್ ಎಂಬ ಪೇಪರ್‌ಗಳ ಡೇಟಾಬೇಸ್ ತೆರೆದರೆ ಅದರ ವಿಳಾಸದ ಬಾಲಕ್ಕೆ ನಿಮ್ಮ ವಿಶ್ವವಿದ್ಯಾಲಯದ ಹೆಸರು ಅಂಟಿಕೊಂಡಿರುತ್ತದೆ. ಎಷ್ಟೋ ಸಲ ಜೆಸ್ಟೋರ್ ಹೆಸರಿನ ಚುಕ್ಕಿಗಳ ಜಾಗದಲ್ಲಿ ಅಡ್ಡಗೆರೆಗಳೂ ಬಂದಿರುತ್ತವೆ. ಬಾಲ ಇಲ್ಲ ಅಂದರೆ ನೀವು ಪ್ರಾಕ್ಸಿಯಿಂದ ಹೊರಗೆ ಜಾರಿದ್ದೀರಿ. ಗೆಳೆಯರು ಕಳಿಸಿದ ಲಿಂಕ್ ಒತ್ತಿದಾಗ ಆಗುವುದು ಇದೇ. ಆಗ ಪೇಪರ್‌ನ ಪುಟದಲ್ಲೇ 'ಸಂಸ್ಥೆಯ ಮೂಲಕ ಲಾಗಿನ್' ಎಂಬ ಅರ್ಥದ ಲಿಂಕ್ ಹುಡುಕಿ, ವಿಶ್ವವಿದ್ಯಾಲಯದ ಹೆಸರು ಟೈಪ್ ಮಾಡಿ. ಅದನ್ನು ನಡೆಸುವುದು ಶಿಬ್ಬೊಲೆತ್ ಅಥವಾ ಓಪನ್‌ಅಥೆನ್ಸ್ ಎಂಬ ಲಾಗಿನ್ ವ್ಯವಸ್ಥೆ. ನಿಮಗೆ ಬೇಕಿರುವುದು ವಿಶ್ವವಿದ್ಯಾಲಯದ ಅದೇ ಹಳೆಯ ಪಾಸ್‌ವರ್ಡ್ ಅಷ್ಟೇ.

ಪೇಪರ್ ಹುಡುಕಲು ಗೂಗಲ್ ಸ್ಕಾಲರ್ ಬಳಸುವವರು ಇನ್ನೊಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ 'ಲೈಬ್ರರಿ ಲಿಂಕ್ಸ್' ತೆರೆದು ನಿಮ್ಮ ಲೈಬ್ರರಿ ಸೇರಿಸಿ. 5 ಲೈಬ್ರರಿಗಳವರೆಗೆ ಸೇರಿಸಬಹುದು. ಆಮೇಲೆ ಲೈಬ್ರರಿ ತರಿಸುವ ಪೇಪರ್‌ಗಳ ಪಕ್ಕದಲ್ಲೇ ಅದರ ಲಿಂಕ್ ಕಾಣುತ್ತದೆ.

ನಿಮ್ಮ ಕಂಪ್ಯೂಟರನ್ನು ಕ್ಯಾಂಪಸ್ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಬೇಕಾಗುವುದು ಬೇರೆ ಕೆಲಸಗಳಿಗೆ: ವಿಭಾಗದ ಶೇರ್ಡ್ ಡ್ರೈವ್, ಕ್ಯಾಂಪಸ್‌ನ ಸರ್ವರ್ ನೋಡಿ ಲೈಸೆನ್ಸ್ ಪಡೆಯುವ ಸಾಫ್ಟ್‌ವೇರ್. ಸುಮ್ನೆ ದಿನವಿಡೀ ಆನ್ ಇಟ್ಟರೆ ವಿಡಿಯೋ ಕ್ಲಾಸ್ ತಡವರಿಸಬಹುದು. ಕೆಲಸ ಮುಗಿದ ಮೇಲೆ ಆಫ್ ಮಾಡಿ. ಎಸ್‌ಪಿಎಸ್‌ಎಸ್, ಮ್ಯಾಟ್‌ಲ್ಯಾಬ್ ತರಹದ ಲೆಕ್ಕಾಚಾರದ ಸಾಫ್ಟ್‌ವೇರನ್ನು ಸ್ವಂತಕ್ಕೆ ಕೊಳ್ಳುವ ಮುಂಚೆ ಐಟಿ ವಿಭಾಗದ ಸಾಫ್ಟ್‌ವೇರ್ ಪಟ್ಟಿ ನೋಡಿ. ನಿಮ್ಮ ಲ್ಯಾಪ್‌ಟಾಪ್ ಹಳೆಯದಾದರೆ ವರ್ಚುವಲ್ ಲ್ಯಾಬ್ ಇದೆಯಾ ಅಂತ ಕೇಳಿ. ಪ್ರೋಗ್ರಾಂ ಓಡುವುದು ಅಲ್ಲಿನ ಕಂಪ್ಯೂಟರ್‌ನಲ್ಲಿ, ನಿಮಗೆ ಬರುವುದು ಪರದೆ ಮಾತ್ರ.

ಒಂದು ಎಚ್ಚರಿಕೆ. ಸ್ಕ್ರಿಪ್ಟ್ ಹಾಕಿ ಒಂದೇ ಸಲಕ್ಕೆ ನೂರಾರು ಪೇಪರ್ ಇಳಿಸಬೇಡಿ. ಪ್ರಾಕ್ಸಿಯ ಐಪಿ ಎಲ್ಲರಿಗೂ ಒಂದೇ, ಅಲ್ವಾ? ಪ್ರಕಾಶಕರು ಅದನ್ನು ತಡೆದರೆ ಪರೀಕ್ಷೆಗೆ ಓದುತ್ತಿರುವ ಇನ್ಯಾರಿಗೋ ಬಾಗಿಲು ಮುಚ್ಚುತ್ತದೆ. ರಾಶಿ ಡೇಟಾ ಬೇಕೇ ಬೇಕು ಅಂದರೆ ನಮಗೆ ಹೇಳಿ. ಎಷ್ಟೋ ಪ್ರಕಾಶಕರು ಅದಕ್ಕೆ ಬೇರೆ ದಾರಿ ಇಟ್ಟಿದ್ದಾರೆ.

ಕೆಲವು ಇ-ಪುಸ್ತಕಗಳನ್ನು ಒಂದು ಹೊತ್ತಿಗೆ ಒಬ್ಬರೇ ಓದಬಹುದು. ಓದಿಯಾದ ಮೇಲೆ ಟ್ಯಾಬ್ ಮುಚ್ಚಿ. ಯಾವಾಗ ತೆರೆದರೂ ಸಿಗುತ್ತಿಲ್ಲ ಅಂದರೆ ನಮಗೆ ಬರೆಯಿರಿ. ನೀವು ಕೇಳಿದ್ದಕ್ಕೇ ನಾವು ಜಾಸ್ತಿ ಲೈಸೆನ್ಸ್ ತರಿಸುವುದುಂಟು. ನಮ್ಮಲ್ಲಿ ಇಲ್ಲವೇ ಇಲ್ಲದ ಪುಸ್ತಕಕ್ಕೆ ಅಂತರ-ಗ್ರಂಥಾಲಯ ಎರವಲು ಇದೆ. ಬೇರೆ ಲೈಬ್ರರಿಯವರು ಒಂದು ಅಧ್ಯಾಯ ಸ್ಕ್ಯಾನ್ ಮಾಡಿ ಕಳಿಸಬಹುದು. ಇಷ್ಟು ಒಳ್ಳೆಯ ಸೇವೆಯನ್ನು ಕೇಳುವವರೇ ಕಮ್ಮಿ. ನನಗೆ ಬೇಜಾರಾಗುವುದು ಅದಕ್ಕೆ.

ಸಹಾಯ ಕೇಳುವಾಗ "ಓಪನ್ ಆಗ್ತಿಲ್ಲ" ಅಂತಷ್ಟೇ ಬರೆಯಬೇಡಿ. 10 ಎಂಬ ಅಂಕೆಯಿಂದ ಶುರುವಾಗುವ ಡಿಒಐ (ಪೇಪರ್‌ನ ಗುರುತಿನ ಸಂಖ್ಯೆ), ವಿಳಾಸದ ಪಟ್ಟಿಯೂ ಕಾಣುವ ಸ್ಕ್ರೀನ್‌ಶಾಟ್, ವಿಪಿಎನ್ ಆನ್ ಇತ್ತೋ ಇಲ್ಲವೋ, ಇಷ್ಟನ್ನು ಕಳಿಸಿ. ಬಹಳಷ್ಟು ಸಲ ಒಂದೇ ಉತ್ತರದಲ್ಲಿ ಕೆಲಸ ಮುಗಿಯುತ್ತದೆ.

ಕೋರ್ಸ್ ಮುಗಿದ ಮೇಲೆ ವಿಶ್ವವಿದ್ಯಾಲಯದ ಅಕೌಂಟ್ ಮುಚ್ಚುತ್ತಾರೆ. ಪೇಪರ್‌ಗಳನ್ನು ಜೋಡಿಸಿಡುವ ಝೊಟೆರೊ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರ ಖಾತೆಗೆ ಈಗಲೇ ನಿಮ್ಮ ಸ್ವಂತ ಇಮೇಲ್ ಕೊಡಿ. ಅದರಲ್ಲಿ ಫೈಲ್‌ಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ ಮಾತ್ರ. ಹಾಗಾಗಿ ಪಿಡಿಎಫ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಹಳೆಯ ವಿದ್ಯಾರ್ಥಿಗಳಿಗೂ ಕೆಲವು ಡೇಟಾಬೇಸ್ ಬಿಟ್ಟುಕೊಡುವ ಲೈಬ್ರರಿಗಳಿವೆ. ನಿಮ್ಮಲ್ಲೂ ಹಾಗಿದೆಯಾ ಅಂತ ಅಕೌಂಟ್ ಇರುವಾಗಲೇ ಕೇಳಿಕೊಳ್ಳಿ.