ಬಾಡಿಗೆದಾರ ಹೋದ, ಬಾಕಿ ಉಳಿಯಿತು: ವಸೂಲಿ ಮಾಡುವುದು ಹೇಗೆ?

ಮನೆ ಖಾಲಿಯಾದ ದಿನ ಮಾಲೀಕರಿಗೆ ಎಂಥ ನಿರಾಳವೆಂದರೆ, ಬಾಕಿ ಬಾಡಿಗೆಯ ಮಾತನ್ನು 'ಆಮೇಲೆ ನೋಡೋಣ' ಎಂದು ಬಿಟ್ಟುಬಿಡುತ್ತಾರೆ. ಬಾಕಿ ಇದೆಯೆಂದು ಕೋರ್ಟಿನಲ್ಲಿ ತೋರಿಸುವುದು ಅಂಥ ಕಷ್ಟವೇನಲ್ಲ. ಆತ ಈಗ ಎಲ್ಲಿದ್ದಾನೆ, ಅವನ ಸಂಬಳ ಎಲ್ಲಿಂದ ಬರುತ್ತದೆ ಎಂದು ಗೊತ್ತಿರುವುದಿಲ್ಲ, ಅದೇ ತೊಡಕು. ಗೆದ್ದ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು, ಬೀರುವಿನಲ್ಲಿ ಕೊಳೆಯುವುದು ಅದಕ್ಕೇ.

ಆದ್ದರಿಂದ ಕೀಲಿಕೈ ಕೈಗೆ ಬರುವ ಗಳಿಗೆಯಲ್ಲೇ ಒಂದು ಹಾಳೆ ಸಿದ್ಧವಿರಲಿ. ಯಾವ ತಿಂಗಳ ಬಾಡಿಗೆ ಎಷ್ಟು ಬಾಕಿ, ಅಡ್ವಾನ್ಸ್ ಎಷ್ಟು, ಕರೆಂಟ್ ಮತ್ತು ನೀರಿನ ಬಿಲ್ ಎಷ್ಟು, ಕೊನೆಗೆ ನಿಲ್ಲುವ ಮೊತ್ತ ಎಷ್ಟು ಎಂದು ಬರೆದು, ದಿನಾಂಕ ಹಾಕಿ, ಬಾಡಿಗೆದಾರನ ಸಹಿ ತೆಗೆದುಕೊಳ್ಳಿ. ಹೊಸ ವಿಳಾಸ, ಊರಿನ ವಿಳಾಸ, ಕೆಲಸ ಮಾಡುವ ಕಂಪನಿಯ ಹೆಸರನ್ನೂ ಬರೆಸಿಕೊಳ್ಳಿ. ಜಗಳವಾಗಿ ಹೋದವನು ಸಹಿ ಹಾಕುವುದಿಲ್ಲ, ನಿಜ. ಆದರೆ ಅರ್ಧಕ್ಕರ್ಧ ಜನ ಲಾರಿಗೆ ಸಾಮಾನು ಏರಿಸುವ ಗಡಿಬಿಡಿಯಲ್ಲಿ ಹಾಕಿಬಿಡುತ್ತಾರೆ.

ಲೆಕ್ಕ ಹೀಗಿರಬೇಕು. ಬಾಡಿಗೆ ತಿಂಗಳಿಗೆ 18,000 ರೂ., ಒಂಬತ್ತು ತಿಂಗಳ ಬಾಕಿ 1,62,000. ಬೆಸ್ಕಾಂ ಬಿಲ್ 4,260. ಕರಾರಿನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಎಂದು ಬರೆದಿದ್ದರೆ 18,000. ಒಟ್ಟು 1,84,260. ಅದರಲ್ಲಿ ಅಡ್ವಾನ್ಸ್ 1,00,000 ಕಳೆದರೆ ಉಳಿಯುವುದು 84,260. ಕರಾರಿನಲ್ಲಿ ಇಲ್ಲದ ಪೇಂಟಿಂಗ್, ಸವೆದ ನಲ್ಲಿ, ಗೋಡೆಯ ಮೊಳೆ ತೂತುಗಳನ್ನೆಲ್ಲ ತುರುಕಿ ಲೆಕ್ಕ ಉಬ್ಬಿಸಬೇಡಿ. ಒಂದು ಸುಳ್ಳು ಸಾಲು ಸಿಕ್ಕರೆ ಎದುರು ಲಾಯರು ಇಡೀ ಲೆಕ್ಕವನ್ನೇ ಅನುಮಾನಕ್ಕೆ ಎಳೆಯುತ್ತಾರೆ.

ಇನ್ನು ಕಾಲಮಿತಿ. ಬಾಕಿ ಬಾಡಿಗೆಗೆ 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಮನೆ ಬಿಟ್ಟ ದಿನದಿಂದ ಮೂರು ವರ್ಷ ಎಂದು ಬಹಳ ಜನ ತಪ್ಪು ತಿಳಿದಿರುತ್ತಾರೆ. ಪ್ರತಿ ತಿಂಗಳ ಬಾಡಿಗೆಗೂ ಅದು ಸಲ್ಲಬೇಕಿದ್ದ ದಿನದಿಂದ ಬೇರೆಬೇರೆ ಎಣಿಕೆ. ಖಾಲಿ ಮಾಡಿಸುವ ಕೇಸು ನಾಲ್ಕು ವರ್ಷ ನಡೆದು, ಅದರಲ್ಲಿ ಬಾಕಿ ಬಾಡಿಗೆ ಕೇಳಿರದಿದ್ದರೆ, ಹಳೆಯ ತಿಂಗಳುಗಳು ಒಂದೊಂದಾಗಿ ಸತ್ತುಹೋಗಿರುತ್ತವೆ. ಅವಧಿ ಮುಗಿಯುವ ಮೊದಲೇ ಬಾಡಿಗೆದಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದ್ದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಮೇಲೆ ಹೇಳಿದ ಹಾಳೆಯ ಬೆಲೆ ಇದು. 'ಮುಂದಿನ ತಿಂಗಳು ಕೊಡ್ತೀನಿ ಸಾರ್' ಎಂಬ ವಾಟ್ಸ್ಆಪ್ ಸಂದೇಶವನ್ನೂ ಕಾಪಾಡಿಕೊಳ್ಳಿ, ಆದರೆ ಕಾಗದದ ಮೇಲಿನ ಸಹಿಗೆ ಅದು ಸಮವೆಂದು ನಂಬಿ ಕೂರಬೇಡಿ. ಮಧ್ಯೆ ಬಾಡಿಗೆದಾರ ಯಾವ ತಿಂಗಳದ್ದೆಂದು ಹೇಳದೆ ಐದು ಸಾವಿರ, ಹತ್ತು ಸಾವಿರ ಕೊಟ್ಟಿದ್ದರೆ, ಅದನ್ನು ಅತಿ ಹಳೆಯ ಬಾಕಿಗೆ ಜಮಾ ಮಾಡಿಕೊಳ್ಳಿ. ಕರಾರು ಕಾಯ್ದೆಯ 60ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಡುತ್ತದೆ, ಆ ಬಾಕಿಯ ಅವಧಿ ಮುಗಿದಿದ್ದರೂ ಸರಿ.

ಲಾಯರ್ ನೋಟಿಸಿನಲ್ಲಿ ಇದೇ ಲೆಕ್ಕ ತಿಂಗಳುವಾರು ಇರಲಿ, ಪಾವತಿಗೆ 15 ದಿನ ಕೊಡಿ. ಗೊತ್ತಿರುವ ಎಲ್ಲ ವಿಳಾಸಕ್ಕೂ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ. 'ಮನೆ ಬಿಟ್ಟಿದ್ದಾರೆ' ಎಂದು ವಾಪಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಫೈಲಿಗೆ ಸೇರಿಸಿ. ಕೋರ್ಟಿನಲ್ಲಿ ಅದು ಬೇಕಾಗುತ್ತದೆ.

ನೋಟಿಸು ಕಂಡು ಮಾತುಕತೆಗೆ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಲೋಕ ಅದಾಲತ್ ಒಳ್ಳೆಯ ದಾರಿ. ಕೇಸು ಹಾಕುವ ಮೊದಲೂ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ. ಅಲ್ಲಿನ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕಂತು ಒಪ್ಪಿಕೊಂಡರೆ 'ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು' ಎಂಬ ಸಾಲು ಸೇರಿಸಲು ಮರೆಯಬೇಡಿ. ಕಂತಿಗೆ ಚೆಕ್ ಕೊಟ್ಟು ಅದು ಬೌನ್ಸ್ ಆದರೆ, ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು, ಆತನಿಗೆ 15 ದಿನ ಗಡುವು, ಅದು ಮೀರಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ದೂರು.

ಆತ ಮಾತುಕತೆಗೆ ಬರಲಿಲ್ಲವೆಂದರೆ ಹಣದ ದಾವೆಯೇ ಗತಿ. ಬಾಡಿಗೆ ಕೇಸೆಂದರೆ ಕರ್ನಾಟಕ ಬಾಡಿಗೆ ಕಾಯ್ದೆಯೇ ಎಂದುಕೊಳ್ಳಬೇಡಿ. 1999ರ ಆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇಂದಿನ ಬಹುತೇಕ ಮನೆಗಳು ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೇ ಬರುತ್ತವೆ. ಅಂಗಡಿ, ಗೋಡೌನಿನ ಬಾಕಿ 3 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ವಾಣಿಜ್ಯ ನ್ಯಾಯಾಲಯ, ತುರ್ತು ಪರಿಹಾರ ಕೇಳದಿದ್ದರೆ ಅದಕ್ಕೂ ಮೊದಲು ಕಡ್ಡಾಯ ಮಧ್ಯಸ್ಥಿಕೆ.

ದಾವೆಯಲ್ಲಿ ಆ ದಿನಕ್ಕೆ ಬರಬೇಕಾದ ಎಲ್ಲ ಬಾಕಿಯನ್ನೂ ಒಮ್ಮೆಗೇ ಕೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಆರ್ಡರಿನ 2ನೇ ರೂಲು ಕೊಡುವ ಉದಾಹರಣೆಯೇ ಮನೆ ಬಾಡಿಗೆಯದು: 1905, 1906, 1907ರ ಬಾಡಿಗೆ ಬಾಕಿ ಇದ್ದಾಗ ಮಾಲೀಕ 1908ರಲ್ಲಿ 1906ರದ್ದಕ್ಕಷ್ಟೇ ದಾವೆ ಹೂಡಿದರೆ, ಉಳಿದೆರಡು ವರ್ಷದ್ದಕ್ಕೆ ಮುಂದೆ ದಾವೆ ಹೂಡುವಂತಿಲ್ಲ. ಬಾಡಿಗೆ ಸಂಬಂಧ ಮುಗಿದ ಮೇಲೂ ಕೂತಿದ್ದ ತಿಂಗಳುಗಳದ್ದು ಕಾನೂನಿನಲ್ಲಿ ಬಾಡಿಗೆಯಲ್ಲ, ಅಕ್ರಮ ಸ್ವಾಧೀನದ ನಷ್ಟ. ಅಕ್ಕಪಕ್ಕದ ಮನೆಗಳ ಕರಾರು ತೋರಿಸಿದರೆ ಹಳೆಯ ಬಾಡಿಗೆಗಿಂತ ಹೆಚ್ಚೂ ಸಿಗಬಹುದು.

ಸಾಕ್ಷ್ಯದಲ್ಲಿ ಎಡವುವುದು ಕರಾರಿನಲ್ಲೇ. ಒಂದು ವರ್ಷ ಮೀರಿದ ಅವಧಿಯ ಕರಾರು ನೋಂದಣಿಯಾಗಿರಬೇಕು, ಇಲ್ಲವಾದರೆ ಅದರ ಷರತ್ತುಗಳನ್ನು ಕೋರ್ಟು ನೋಡುವುದಿಲ್ಲ. ಎಲ್ಲರೂ 11 ತಿಂಗಳೆಂದು ಬರೆಯುವುದು ಇದನ್ನು ತಪ್ಪಿಸಲಿಕ್ಕೇ. ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ ಕೊರತೆಯ ಹತ್ತು ಪಟ್ಟು ದಂಡ ಬೀಳಬಹುದು. ಆಗ ಕರಾರಿಗಿಂತ ಬಾಡಿಗೆ ಜಮೆಯಾಗುತ್ತಿದ್ದ ಬ್ಯಾಂಕ್ ಸ್ಟೇಟ್‌ಮೆಂಟೇ ಗಟ್ಟಿ. ತಿಂಗಳಿಗೆ 50,000 ಮೀರಿದ ಬಾಡಿಗೆಗೆ ಬಾಡಿಗೆದಾರ ಅದರಲ್ಲೇ ಕಡಿದ ತೆರಿಗೆ (ಟಿಡಿಎಸ್) ಕಟ್ಟಿದ್ದರೆ ನಿಮ್ಮ ಆದಾಯ ತೆರಿಗೆ ವಿವರಪಟ್ಟಿ 26ಎಎಸ್‌ನಲ್ಲೂ ಅದು ಕಾಣುತ್ತದೆ. ವಾಟ್ಸ್ಆಪ್ ಪ್ರತಿಗಳ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಇಡದಿದ್ದರೆ ಅವು ಬರೀ ಕಾಗದ.

ಡಿಕ್ರಿ ಬಂದ ಮೇಲೆ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ಹಣ ವಸೂಲಿ, ಅದಕ್ಕೆ 12 ವರ್ಷ ಸಮಯವಿದೆ. 30 ದಿನವಾದರೂ ಹಣ ಬರದಿದ್ದರೆ, ಆಸ್ತಿಯ ವಿವರವನ್ನು ಅಫಿಡವಿಟ್ಟಿನಲ್ಲಿ ಕೊಡುವಂತೆ ಆತನಿಗೆ ಆದೇಶಿಸಲು ಕೋರ್ಟನ್ನು ಕೇಳಿ. ಮನೆಗೆ ಕೋರ್ಟಿನ ಅಮೀನರನ್ನು ಕಳಿಸಿ ಫ್ರಿಜ್ಜು, ಸೋಫಾ ಜಪ್ತಿ ಮಾಡಿಸುವುದರಲ್ಲಿ ಹುರುಳಿಲ್ಲ. ಹರಾಜಿನಲ್ಲಿ ಬರುವುದು ಚಿಲ್ಲರೆ ಕಾಸು. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ತಾಳಿಯನ್ನಂತೂ ಮುಟ್ಟುವಂತೆಯೇ ಇಲ್ಲ. ಸಂಬಳವೇ ಸರಿಯಾದ ಗುರಿ. ಮೊದಲ 1,000 ರೂ. ಬಿಟ್ಟು ಉಳಿದದ್ದರ ಮೂರನೇ ಒಂದು ಭಾಗವನ್ನು ಜಪ್ತಿ ಮಾಡಿಸಬಹುದು. 40,000 ಸಂಬಳವಿದ್ದರೆ ತಿಂಗಳಿಗೆ 13,000. ಮೇಲಿನ 84,260 ಏಳನೇ ತಿಂಗಳಿಗೆ ಚುಕ್ತಾ, ಖರ್ಚು ಬಡ್ಡಿ ಬೇರೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳ ಮಿತಿ ಇದೆ. ಆದೇಶ ತಲುಪಿದ ಮೇಲೂ ಕಂಪನಿ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಕಂಪನಿಯೇ ಹೊಣೆ. ಆತ ಹುಬ್ಬಳ್ಳಿಗೋ ಪುಣೆಗೋ ಹೋಗಿದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬಹುದು. ಸಿವಿಲ್ ಜೈಲಿಗೆ ಕಳಿಸಬೇಕೆಂದರೆ ದುಡ್ಡಿದ್ದೂ ಕೊಡುತ್ತಿಲ್ಲ ಎಂದು ತೋರಿಸಬೇಕು, ಮೇಲೆ ಅವನ ಊಟದ ಭತ್ಯೆಯನ್ನು ನೀವೇ ಕಟ್ಟಬೇಕು!

ಬಿಟ್ಟುಹೋದ ಸಾಮಾನನ್ನು ಬಾಕಿಗೆ ಹಿಡಿದುಕೊಳ್ಳುವ, ಮಾರುವ ಹಕ್ಕು ಮಾಲೀಕರಿಗಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಪಟ್ಟಿ ಮಾಡಿ, ಫೋಟೊ ತೆಗೆದು, ಒಯ್ಯಲು ನೋಟಿಸು ಕೊಡಿ. ಪಕ್ಕದ ಮನೆಯವರ ಮೇಲೆ ನಂಬಿಕೆಯಿದ್ದರೆ ಕೀಲಿ ಅವರ ಎದುರಲ್ಲೇ ಹಾಕಿ.