25 ಕಿಲೋ ಕಟ್ಟಿಗೆ 15ಕ್ಕೆ ಇಳಿಯಿತು: ನನ್ನ ರೊಟ್ಟಿ ಒಲೆ

ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಮನೆಯಲ್ಲೇ ದಿನಾ 300 ಜೋಳದ ರೊಟ್ಟಿ ಮಾಡಿ ಮಾರುತ್ತೇವೆ. ಎರಡು ವರ್ಷದ ಹಿಂದೆ ಅದಕ್ಕೆ 25 ಕಿಲೋ ಕಟ್ಟಿಗೆ ಬೇಕಿತ್ತು. ಈಗ 15, ಜಾಸ್ತಿ ಅಂದರೆ 16. ತೂಗಿ ನೋಡಿಯೇ ಹೇಳುತ್ತಿದ್ದೇನೆ.

ಒಲೆ ಬಾಯಿ ಚಿಕ್ಕದು ಮಾಡ್ತೀನಿ ಅಂದಾಗ ಅತ್ತೆ, "ಬಾಯಿ ಸಣ್ಣದಾದ್ರ ಉರಿ ಹೆಂಗ ಬರ್ತೈತವ್ವಾ?" ಅಂದರು. ಗೌಂಡಿ ಕೂಲಿ ತಗೊಂಡು ಹೋಗುವಾಗ, ಒಡೆಯೋಕೂ ನನ್ನನ್ನೇ ಕರೀರಿ ಅಂದ.

ಅವರು ಅಂದಿದ್ದರಲ್ಲೂ ತಪ್ಪಿರಲಿಲ್ಲ. ಕೆಳಗೆ ಕಬ್ಬಿಣದ ಜಾಳಿಗೆ ಇಟ್ಟಾಗ ಎರಡು ಕಿಲೋ ಉಳಿಯಿತು, ಅಷ್ಟೇ. ಆಮೇಲೆ ಹತ್ತು ಅಡಿ ಹೊಗೆ ಪೈಪ್ ಹಾಕಿಸಿದೆ. ಎಳೆತ ಎಷ್ಟು ಜೋರಾಯಿತು ಅಂದರೆ ಉರಿಯೆಲ್ಲ ಪೈಪಿನೊಳಗೆ! ಹಿಂದಿನ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ, ಮುಂದೆ ಹಂಚು ಕಾದೇ ಇಲ್ಲ. ವಾರವಿಡೀ ರೊಟ್ಟಿ ಹಸಿಹಸಿ. ಖಾಯಂ ಒಯ್ಯುವ ಖಾನಾವಳಿಯವರು ಮೂರು ದಿನ ವಾಪಸ್ ಕಳಿಸಿದರು. ಸುಮಾರು 2,000 ರೂಪಾಯಿ ನಷ್ಟ. ಅವತ್ತು ರಾತ್ರಿ ಅತ್ತಿದ್ದೂ ಉಂಟು. ಕೊನೆಗೆ ಪೈಪಿಗೆ ಸೀಳು ಕೊರೆಸಿ ಅಡ್ಡ ತಗಡು ತೂರಿಸಿದೆ. ಉರಿ ಹತ್ತಿದ ಮೇಲೆ ಮುಕ್ಕಾಲು ಮುಚ್ಚುತ್ತೇನೆ. ಆಗ ಉರಿ ಹಂಚಿನ ಕೆಳಗೇ ನಿಂತಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯ ಮಾದರಿಯನ್ನೂ ನೋಡಿದ್ದೆ. ಅನ್ನ, ಸಾರಿಗೆ ಅದು ಚೆಂದ. ನಮ್ಮ ಅಗಲದ ಹಂಚಿಗೆ ಕೂಡಲಿಲ್ಲ.

ನಿಜವಾದ ಉಳಿತಾಯ ಗೋಡೆಯಲ್ಲಿತ್ತು. ಇಟ್ಟಿಗೆಯೇ ಅರ್ಧ ಕಾವು ಕುಡಿಯುತ್ತಿತ್ತು. ಗಂಗಾವತಿ ಕಡೆ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟಿನ ಬೂದಿ ರಾಶಿರಾಶಿ ಬಿದ್ದಿರುತ್ತದೆ. ಎರಡು ಚೀಲ ತಂದು, ಒಳಗೋಡೆ ಹೊರಗೋಡೆ ನಡುವೆ ನಾಲ್ಕು ಬೆರಳು ಸಂದಿ ಬಿಟ್ಟು ತುಂಬಿದೆ. ಈಗ ಉರಿಯುವಾಗಲೂ ಹೊರಗೋಡೆಗೆ ಕೈ ಇಡಬಹುದು. ಮೆತ್ತಲು ಮೊದಲು ಎರೆಮಣ್ಣು ಹಾಕಿ ಕೆಟ್ಟೆ, ಒಣಗಿದ್ದೇ ಬಿರುಕು ಬಿಟ್ಟಿತು. ಹುತ್ತದ ಮಣ್ಣೇ ಸರಿ. ಅದಕ್ಕೆ ಏನೇನು ಎಷ್ಟೆಷ್ಟು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹಂಚಿನ ನಡುವೆ ಸೀಯುತ್ತಿತ್ತು, ಅಂಚು ಬೇಯುತ್ತಿರಲಿಲ್ಲ. ಒಡೆದ ಹಳೇ ಹಂಚಿನ ತುಂಡನ್ನು ಕೆಳಗೆ ನಡುವಿಗೆ ಇಟ್ಟೆ, ಉರಿ ಸುತ್ತಲೂ ಹರಡಿತು. ಎಷ್ಟು ಎತ್ತರ ಅಂತ ಕೇಳಬೇಡಿ, ಅದಕ್ಕೆ ಒಂದು ತಿಂಗಳು ಕೈ ಸುಟ್ಟುಕೊಂಡಿದ್ದೇನೆ!

ಕಟ್ಟಿಗೆ ಬಳ್ಳಾರಿ ಜಾಲಿಯೇ. ಆರು ತಿಂಗಳು ಒಣಗಿಸಿ, ಹೆಬ್ಬೆರಳು ದಪ್ಪ ಸೀಳಿದ್ದು. ಹತ್ತಿಕಟ್ಟಿಗೆ ಭುಗ್ ಅಂತ ಉರಿದು ಹೋಗುತ್ತದೆ, ಹೊತ್ತಿಸೋಕೆ ಮಾತ್ರ ಸಾಕು. ಮೆಕ್ಕೆಜೋಳದ ದಿಂಡನ್ನೂ ನೋಡಿದೆ. ಕೆಂಡ ಚೆನ್ನಾಗಿ ಬರುತ್ತದೆ, ಆದರೆ ಜಾಳಿಗೆ ಬೇಗ ಮುಚ್ಚಿಕೊಳ್ಳುತ್ತದೆ. ಪೈಪಿನ ಬುಡಕ್ಕೆ ತಗಡಿನ ಡಬ್ಬ ಸುತ್ತಿಸಿ ನೀರು ತುಂಬಿದ್ದೂ ಫಲ ಕೊಟ್ಟಿತು. ಚಳಿಗಾಲದಲ್ಲಿ ಇಬ್ಬರ ಸ್ನಾನಕ್ಕೆ ಆಗುತ್ತದೆ.

ಕೆಟ್ಟಿದ್ದನ್ನೂ ಸೇರಿಸಿ ಸುಮಾರು 6,500 ಖರ್ಚು. ಕಟ್ಟಿಗೆ ಕಿಲೋಗೆ 6 ರೂಪಾಯಿ ಹಿಡಿದರೆ ದಿನಕ್ಕೆ 55, 60 ಉಳಿತಾಯ. ನಾಲ್ಕೇ ತಿಂಗಳಲ್ಲಿ ದುಡ್ಡು ವಾಪಸ್ ಬಂತು. ಪಕ್ಕದ ಓಣಿಯಲ್ಲಿ ಈಗ ಮೂರು ಮನೆಗೆ ಇದೇ ಒಲೆ ಹಾಕಿಸಿಕೊಟ್ಟಿದ್ದೇನೆ. ಕಟ್ಟಿದ್ದು ಅದೇ ಗೌಂಡಿ. ಆ ಮನೆಯವರಿಗೂ ಹೇಳಿದ್ದೇನೆ: ಹದಿನೈದು ದಿನಕ್ಕೊಮ್ಮೆ ಪೈಪಿನ ಮಸಿ ತೆಗೆಯಲೇಬೇಕು. ಒಂದು ಸಲ ನಾನು ಬಿಟ್ಟಿದ್ದಕ್ಕೆ ಹೊಗೆಯೆಲ್ಲ ಅಡುಗೆಮನೆಗೇ ವಾಪಸ್ ಬಂತು.