ಹೊಸಬರಿಗೆ ಮಾರ್ಗದರ್ಶಿ: ಕುಂಡದಲ್ಲಿ ಏನು ಬೆಳೆಸಬಾರದು

ನರಸಾಪುರದ ಕಾರ್ಖಾನೆ ಕೆಲಸಕ್ಕೆ ಅಂತ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಕೋಲಾರಕ್ಕೆ ಬಂದ ಮನೆಯವರಿಗೆ ನಮಸ್ಕಾರ. ಬಾಡಿಗೆ, ಟ್ಯಾಂಕರ್ ನೀರು, ಶಾಲೆ ಎಲ್ಲ ಹಿಂದಿನ ಪುಟಗಳಲ್ಲಿ ಆಯಿತು. ಈ ಪುಟ ಗಾಂಜಾ ಗಿಡದ್ದು. "ನಮಗ್ಯಾಕೆ ಇದು" ಅಂತ ಮುಂದಕ್ಕೆ ಹೋಗಬೇಡಿ, ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಪುಂಡಿ ವಿಷಯ

ಬಂದ ವರ್ಷ ಊರಿಂದ ಪುಂಡಿ ಬೀಜ ತಂದು ಮಹಡಿ ಮೇಲೆ ಹಳೇ ಪೇಂಟ್ ಡಬ್ಬಿಗಳಲ್ಲಿ ಹಾಕಿದ್ದೆ. ಪುಂಡಿಪಲ್ಯ ಇಲ್ಲದೆ ನಮಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಅಲ್ವಾ. ಗಿಡ ಎದೆಮಟ್ಟ ಬಂತು. ಪಕ್ಕದ ಮಹಡಿಯವರು ಫೋಟೋ ತೆಗೆದು ಯಾರಿಗೋ ಕಳಿಸಿದರು. ಸಂಜೆ ಬಾಗಿಲಲ್ಲಿ ಇಬ್ಬರು ಪೊಲೀಸರು, ಮೆಟ್ಟಿಲ ಮೇಲೆ ಅರ್ಧ ಬೀದಿ! ತಪ್ಪು ಅವರದ್ದೂ ಅಲ್ಲ ಬಿಡಿ. ಪುಂಡಿ ಎಲೆಯೂ ಬೆರಳು ಬಿಚ್ಚಿದ ಹಾಗೆ, ಅಂಚು ಗರಗಸದ ಹಾಗೆ ಇರುತ್ತದೆ. ಅದರ ಸಸ್ಯಶಾಸ್ತ್ರದ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾ ಥರದ್ದು ಅಂತ. ಇದು ನನಗೆ ಆಮೇಲೆ ಗೊತ್ತಾಯಿತು. ಆವತ್ತು ನಮ್ಮ ಮನೆಯವಳು ಒಂದು ಎಲೆ ಕಿತ್ತು ಅಗಿದು "ಹುಳಿ ಅದ ನೋಡ್ರಿ ಸರ" ಅಂದಳು. ವಯಸ್ಸಾದ ಪೊಲೀಸರು ತಾವೂ ಒಂದು ಎಲೆ ಬಾಯಿಗೆ ಹಾಕಿಕೊಂಡು "ಅಯ್ಯೋ, ಇದು ಗೋಂಗೂರ" ಅಂತ ನಕ್ಕರು. ಮಾಲೀಕರು ಮಾತ್ರ ಮೂರು ತಿಂಗಳು ನಮ್ಮನ್ನು ಮಾತಾಡಿಸಲಿಲ್ಲ.

ಅದಕ್ಕೇ ಹೇಳುವುದು, ಬೀಜ ಹಾಕುವ ಮೊದಲೇ ಅಕ್ಕಪಕ್ಕದವರಿಗೆ ಹೇಳಿ. ಇಲ್ಲಿ ಗೋಂಗೂರ ಅನ್ನಿ, ಅರ್ಥವಾಗುತ್ತದೆ. ಮೊದಲ ಕಟ್ಟು ಸೊಪ್ಪು ಮಾಲೀಕರ ಮನೆಗೇ ಹೋಗಲಿ.

ಇನ್ನು ನಿಜವಾದ ಗಾಂಜಾ ಗಿಡ

"ಊರಲ್ಲಿ ಜಾತ್ರೆಗೆ ಬಂದ ಸಾಧುಗಳು ಸೇದುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ" ಅನ್ನುವವರು ನಮ್ಮಲ್ಲೇ ಇದ್ದಾರೆ. ಯಾರೂ ಕೇಳಲಿಲ್ಲ ಅಂದರೆ ಕಾನೂನು ಇರಲಿಲ್ಲ ಅಂತಲ್ಲ. ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ, 1985ರಿಂದ ಇದೆ, ಅಲ್ಲಿಗೂ ಅದೇ, ಇಲ್ಲಿಗೂ ಅದೇ. ಕಲಂ 20ರ ಪ್ರಕಾರ ಲೈಸೆನ್ಸ್ ಇಲ್ಲದೆ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ.

ಎಲ್ಲರೂ ಎಡವುವುದು ತೂಕದ ವಿಷಯದಲ್ಲಿ. ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ 1 ಕೆಜಿವರೆಗೆ ಸಣ್ಣ ಪ್ರಮಾಣ, ಅದಕ್ಕೆ 1 ವರ್ಷದವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಎಲ್ಲೋ ಕೇಳಿಕೊಂಡು "ಒಂದೇ ಕುಂಡ, ಕಾಲು ಕೆಜಿಯೂ ಬರಲ್ಲ" ಅಂತ ಲೆಕ್ಕ ಹಾಕುತ್ತಾರೆ. ಬೆಳೆಸುವುದು ಬೇರೆಯೇ ಅಪರಾಧ ಸ್ವಾಮಿ, ಅದಕ್ಕೆ ಈ ತೂಕದ ಪಟ್ಟಿ ಇಲ್ಲ. ಬೀಜ ಮತ್ತು ಬರೀ ಎಲೆ ಕಾಯ್ದೆ ಹೇಳುವ "ಗಾಂಜಾ"ದಲ್ಲಿ ಬರುವುದಿಲ್ಲ, ಹೂವು, ಕಾಯಿ ಬಿಟ್ಟ ತೆನೆ ಮಾತ್ರ ಬರುತ್ತದೆ, ನಿಜ. ಆದರೆ ಬೀಜ ಮಣ್ಣಿಗೆ ಬಿದ್ದು ಮೊಳೆತರೆ ಅದು ಗಿಡ, ಹೂ ಬಿಡುವ ತನಕ ಕಾಯಬೇಕಾಗಿಲ್ಲ. ಸ್ಟೇಷನ್ನಿನಲ್ಲೇ ಜಾಮೀನು ಸಿಗುವ ಕೇಸೂ ಅಲ್ಲ.

"ತಾನಾಗೇ ಹುಟ್ಟಿತು, ಹಕ್ಕಿ ತಂದು ಹಾಕಿತು" ಅನ್ನಬಹುದು. ಆದರೆ ನೀವು ನೀರು ಹಾಕಿದ ಜಾಗದಲ್ಲಿ ಬೆಳೆದಿದ್ದರೆ, ಸಮಾಧಾನದ ಉತ್ತರ ಕೊಡುವವರೆಗೆ ಕೋರ್ಟು ಅದನ್ನು ನಿಮ್ಮದೇ ಅಂತ ಭಾವಿಸಬಹುದು.

ಮಾಲೀಕರು ಗೊತ್ತಿದ್ದೂ ಬಿಟ್ಟರೆ ಅವರಿಗೂ ಅದೇ ಶಿಕ್ಷೆ, ಅದು ಕಲಂ 25. ಮಹಡಿಗೆ ಹತ್ತಿ ಇಣುಕುತ್ತಾರೆ ಅಂತ ಅವರ ಮೇಲೆ ಸಿಟ್ಟಾಗಬೇಡಿ. ತೋಟ ಗುತ್ತಿಗೆಗೆ ಹಿಡಿದವರು ರಾಗಿ, ಹಿಪ್ಪುನೇರಳೆ ಸಾಲುಗಳ ನಡುವೆಯೂ ಒಂದು ಕಣ್ಣಿಡಿ. ಯಾರೋ ಬೆಳೆಸಿದ್ದು ಕಂಡರೆ ಜಮೀನು ಹಿಡಿದವರು ಕೂಡಲೇ ಪೊಲೀಸರಿಗೆ ತಿಳಿಸಲೇಬೇಕು, ಗೊತ್ತಿದ್ದೂ ಸುಮ್ನಿರುವುದೂ ಅಪರಾಧವೇ.

ತಪಾಸಣೆಗೆ ಬಂದರೆ

- ಓಡಬೇಡಿ, ಗಿಡ ಕಿತ್ತು ಪಕ್ಕದ ಮನೆಗೆ ಎಸೆಯಬೇಡಿ.
- ಮೈ ತಪಾಸಣೆಯನ್ನು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿಕೊಳ್ಳುವ ಹಕ್ಕಿದೆ.
- ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು.
- ಓದದೆ ಸಹಿ ಬೇಡ.
- ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ.

ಮಕ್ಕಳು

ಥಾಯ್ಲೆಂಡಿನ ಗಾಂಜಾ ವಿಡಿಯೋ ನೋಡಿ ಆನ್‌ಲೈನಲ್ಲಿ ಬೀಜ ತರಿಸುವವರು ಇವರೇ. 18 ತುಂಬದಿದ್ದರೆ ಬಾಲ ನ್ಯಾಯ ಮಂಡಳಿ, ತುಂಬಿದ್ದರೆ ದೊಡ್ಡವರ ಕೋರ್ಟು. ಚಟ ಬಿಡಿಸಲು 14446ಕ್ಕೆ ಫೋನ್ ಮಾಡಿ. ಮಾನ ಹೋಗುತ್ತದೆ ಅಂತ ಮುಚ್ಚಿಡಬೇಡಿ, ಸಂಘದಲ್ಲಿ ಯಾರೂ ಆಡಿಕೊಳ್ಳುವುದಿಲ್ಲ.

ಪುಂಡಿ ಬೀಜ ಬೇಕಾದವರು ಭಾನುವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ, ಈ ಸಲ ಜಾಸ್ತಿ ಬಂದಿದೆ.